ಸೋಮವಾರದ ಕನ್ನಡಿ

"ಇದನ್ನ ಕೊನೇ ಸಲ ಎಬ್ಬಿಸಿದೋರು ಯಾರು?"

ಕಿವಿರಾಯರು ಕೇಳಿದ್ದು ಯಾರನ್ನೂ ಅಲ್ಲ. ಸೋಪಿನ ಡಬ್ಬಿಯಷ್ಟಿದ್ದ ಕಪ್ಪು ಡಿಸ್ಕನ್ನು ಅಂಗೈಯಲ್ಲಿಟ್ಟುಕೊಂಡು, ಅದರ ಬೆನ್ನಿಗೆ ಅಂಟಿಸಿದ್ದ ‘ಕನ್ನಡಿ’ ಎಂಬ ಚೀಟಿಯನ್ನು ನೋಡುತ್ತ ಮನಸ್ಸಿನಲ್ಲೇ ಅಂದುಕೊಂಡ ಮಾತು ಬಾಯಿಂದ ಹೊರಗೆ ಬಿದ್ದಿತ್ತು.

"ನಾನಂತೂ ಅಲ್ಲ ಮಾವ," ಎಂದು ಮೇಜಿನ ಕೆಳಗಿನಿಂದ ಉತ್ತರ ಬಂತು. "ಮಲಗಿರೋರನ್ನ ಎಬ್ಬಿಸೋ ಅಭ್ಯಾಸ ನನಗಿಲ್ಲ. ಆ ಕೇಬಲ್ ಇತ್ತ ಕೊಡಿ."

ಮೇಜಿನ ಕೆಳಗೆ ಮಂಡಿಯೂರಿದ್ದವಳು ರಾಯರ ತಂಗಿಯ ಮಗಳು. ಮೂವತ್ತೈದು ದಾಟಿದೆ, ಸ್ವಂತದ್ದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಚಿಕ್ಕಂದಿನಲ್ಲಿ ರೇಡಿಯೋ, ಗಡಿಯಾರ, ಕೊನೆಗೆ ಅಜ್ಜಿಯ ಕನ್ನಡಕದವರೆಗೆ ಎಲ್ಲದರ ತಿರುಪು ಬಿಚ್ಚಿಟ್ಟವಳಾದ್ದರಿಂದ ಮನೆಮಂದಿಗೆ ಅವಳು ಇಂದಿಗೂ ತಿರುಪಮ್ಮನೇ.

ರಾಯರಿಗಾದರೂ ತಂದೆ ತಾಯಿ ಇಟ್ಟ ಹೆಸರು ಯಾರ ನೆನಪಿನಲ್ಲಿದೆ? ಮೂವತ್ತು ವರ್ಷ ನ್ಯಾಯಾಲಯದಲ್ಲಿ ಶೀಘ್ರಲಿಪಿಕಾರರಾಗಿ ಸಾಕ್ಷಿಗಳ ಮಾತು ಬರೆದುಕೊಂಡವರು. ಸುಳ್ಳು ಹೇಳುವವನ ಗಂಟಲು ಎಲ್ಲಿ ಎಡವುತ್ತದೆಂದು ನ್ಯಾಯಾಧೀಶರಿಗಿಂತ ಮೊದಲು ಕೇಳಿಸಿಕೊಂಡು ಕಿವಿರಾಯ ಅನ್ನಿಸಿಕೊಂಡವರು. ನಿವೃತ್ತಿಯ ನಂತರ, ಜನ ತಂದ ತಕರಾರುಗಳಲ್ಲಿ ನಿಜ ಹುಡುಕಿ ಕೊಡುವ ಆ ಕಿವಿಯೇ ಅವರ ಕಸುಬು.

ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಚಿಕ್ಕ ಎಂಜಿನಿಯರ್, ಈ ಕಟ್ಟಡ ನಕ್ಷೆಯ ಕಚೇರಿ ನಡೆಸುವ ಅಣ್ಣತಮ್ಮಂದಿರಲ್ಲಿ ಕಿರಿಯವನು, ಬೀಗದಕೈ ಗೊಂಚಲನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ.

"ಅಣ್ಣ ಆಸ್ಪತ್ರೇಲಿ ಮಾತಿಲ್ಲದೆ ಮಲಗಿದಾನೆ. ನೀವಿಲ್ಲಿ ಅವನ ರೂಮಲ್ಲಿ ಕೂತು ಡಬ್ಬಿ ಜೊತೆ ಮಾತಾಡ್ತಾ ಇದೀರಿ. ಬೇಗ ಮುಗಿಸಿ ರಾಯರೇ."

"ಅವಸರ ನಿಮಗಿಂತ ನನಗೇ ಜಾಸ್ತಿ ಸ್ವಾಮಿ. ಮೂರು ಗಂಟೆಗೆ ಅಧಿಕಾರಿ ಬರ್ತಾರೆ."

ಗೋಡೆಯ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು. ಕಳೆದ ಶನಿವಾರ, ಈ ಕಚೇರಿ ಬರೆದುಕೊಟ್ಟ ನಕ್ಷೆಯಂತೆ ಕಟ್ಟುತ್ತಿದ್ದ ಸಭಾಂಗಣದ ಬಾಲ್ಕನಿ ಕುಸಿದು ಒಬ್ಬ ಗಾರೆ ಕೆಲಸದವನು ಸತ್ತಿದ್ದ. ಹದಿನಾರು ಮಿಲಿಮೀಟರಿನ ಕಂಬಿ ಬೇಕಿದ್ದಲ್ಲಿ ನಕ್ಷೆ ಹನ್ನೆರಡರ ಕಂಬಿ ಎಂದಿತ್ತು. ಬುಧವಾರ ತನಿಖಾಧಿಕಾರಿ ಬಂದು ಇದೇ ಕಂಪ್ಯೂಟರನ್ನು ತೆರೆಸಿದಾಗ, ನಕ್ಷೆಯ ಮೂಲೆಯ ಚೌಕದಲ್ಲಿ ‘ಬರೆದವರು’ ಎಂಬುದರ ಮುಂದೆ ಇಲ್ಲಿ ಸಂಬಳಕ್ಕಿದ್ದ ನಕ್ಷೆಗಾರ್ತಿಯ ಹೆಸರಿತ್ತು. ಉಳಿಸಿದ ಸಮಯ ತಿಂಗಳ ಹಿಂದಿನ ಒಂದು ಗುರುವಾರ, ಸಂಜೆ ನಾಲ್ಕು ಹತ್ತು. ಬೇರೆ ಸಾಕ್ಷ್ಯವೇನಾದರೂ ಇದ್ದರೆ ಶುಕ್ರವಾರ ಮೂರರೊಳಗೆ ತನ್ನಿ, ಇಲ್ಲವಾದರೆ ಆಕೆಯನ್ನು ಬಂಧಿಸುತ್ತೇನೆ ಎಂದು ಹೇಳಿ ಅವರು ಹೋಗಿದ್ದರು.

ಇಂದು ಶುಕ್ರವಾರ.

ರಾಯರ ಬಳಿಗೆ ಓಡಿ ಬಂದದ್ದು ನಕ್ಷೆಗಾರ್ತಿಯಲ್ಲ, ಆಕೆಯ ಅಕ್ಕ. "ನನ್ನ ತಂಗಿ ಊಟದ ತಟ್ಟೇನೂ ಸ್ಕೇಲ್ ಇಟ್ಟು ಜೋಡಿಸೋಳು. ಅಂಥೋಳು ನಾಲ್ಕು ಮಿಲಿಮೀಟರ್ ಮರೀತಾಳಾ? ಬಾಯಿ ಬಿಡು ಅಂದ್ರೆ ಗೋಡೆ ನೋಡ್ತಾಳೆ," ಎಂದು ಅತ್ತಿದ್ದಳು. ಆ ತಂಗಿ ಈ ಹೊತ್ತಿನಲ್ಲೂ ಹೊರಗಿನ ಹಜಾರದಲ್ಲಿ ತನ್ನ ಮೇಜಿನ ಮುಂದೆ ಕುಳಿತಿದ್ದಳು. ಕಚೇರಿ ಮುಚ್ಚಿ ವಾರವಾಗುತ್ತ ಬಂದರೂ, ದಿನಾ ಒಂಬತ್ತಕ್ಕೆ ಬಂದು, ಯಾರಿಗೂ ಬೇಡದ ನಕ್ಷೆಯೊಂದನ್ನು ಎಳೆಯುತ್ತ.

"ಕನ್ನಡಿ ನಿಮಗೆ ಎಲ್ಲಿ ಸಿಕ್ತು?" ಚಿಕ್ಕ ಎಂಜಿನಿಯರ್ ಕೇಳಿದ.

"ನಿಮ್ಮ ಅತ್ತಿಗೆ ಕೊಟ್ರು. ಸೋಮವಾರ ಮಧ್ಯಾಹ್ನ ನಿಮ್ಮಣ್ಣ ಮೆಟ್ಟಿಲ ಮೇಲೆ ಕುಸಿದಾಗ ಹೆಗಲಲ್ಲಿದ್ದ ಚೀಲದಲ್ಲಿತ್ತಂತೆ. ಆಸ್ಪತ್ರೆಯೋರು ಚೀಲ ವಾಪಸ್ ಕೊಟ್ರು. ಚೀಲದಲ್ಲೇ ಇತ್ತು."

"ಅದು ಆಫೀಸಿನ ಸ್ವತ್ತು."

"ಅದಕ್ಕೇ ಆಫೀಸಿಗೆ ತಂದಿದೀವಿ," ಎಂದು ತಿರುಪಮ್ಮ ಮೇಜಿನ ಕೆಳಗಿನಿಂದ ಎದ್ದು ಮಂಡಿಯ ಧೂಳು ಕೊಡವಿಕೊಂಡಳು. "ಇನ್ನೊಂದು ಮಾತು. ಇದರ ನಕಲು ತೆಗೆದು ನನ್ನ ಅಂಗಡಿ ಬೀರುವಲ್ಲಿಟ್ಟು ಬಂದಿದೀನಿ. ಯಾರ ಕೈಯಾದ್ರೂ ಜಾರಿ ಇದು ಕೆಳಗೆ ಬಿತ್ತು ಅಂದ್ಕೊಳ್ಳಿ, ಚಿಂತೆ ಇಲ್ಲ."

ಬೀಗದಕೈಗಳು ಒಂದು ಕ್ಷಣ ಸುಮ್ಮನಾದವು. ಮತ್ತೆ ಸದ್ದು ಮಾಡತೊಡಗಿದವು.

ರಾಯರು ಮೇಜಿನ ಮೇಲಿನ ಡ್ರಾಯರನ್ನು ಎಳೆದರು. ಒಳಗೆ ಚೂಪು ಮಾಡಿದ ಆರು ಪೆನ್ಸಿಲುಗಳು, ಮೂರು ಮುಖದ ಸ್ಕೇಲು, ಕಣ್ಣಿಗೆ ಹಾಕುವ ಔಷಧಿಯ ಸೀಸೆ. ಡ್ರಾಯರಿನ ತಳಕ್ಕೆ ಅಂಟಿಸಿದ ಹಾಳೆಯಲ್ಲಿ ದೊಡ್ಡ ಎಂಜಿನಿಯರರ ದುಂಡನೆಯ ಅಕ್ಷರ.

‘ಶುಕ್ರವಾರ ಸಂಜೆ ಐದೂವರೆ: ಕನ್ನಡಿ ತೆಗೆಯುವುದು. ಸೋಮವಾರ ಬೆಳಿಗ್ಗೆಯಿಂದ ಹನ್ನೆರಡರವರೆಗೆ: ಕನ್ನಡಿಯಿಂದಲೇ ಓಡಿಸಿ ನೋಡುವುದು.’

ಕೆಳಗೆ ವಾರ ವಾರಕ್ಕೂ ಎರಡೆರಡು ಸರಿ ಗುರುತು. ನಾಲ್ಕು ವರ್ಷದಿಂದ ಒಂದೂ ತಪ್ಪಿಲ್ಲ. ಕೊನೆಯ ಗುರುತು ಈ ಸೋಮವಾರದ್ದು.

"ಓಡಿಸಿ ನೋಡೋದು ಅಂದ್ರೇನಮ್ಮ?"

"ಇದು ಬರೀ ಫೈಲುಗಳ ನಕಲಲ್ಲ ಮಾವ. ಕಂಪ್ಯೂಟರ್ ಒಳಗಿರೋ ಡಿಸ್ಕಿನ ಪೂರಾ ಪಡಿಯಚ್ಚು. ಒಳಗಿನದು ಕೆಟ್ಟು ಕೂತ್ರೆ ಇದನ್ನ ಸಿಕ್ಕಿಸಿ, ಇದರಿಂದಲೇ ಕಂಪ್ಯೂಟರ್ ಆನ್ ಮಾಡ್ಬಹುದು. ಎಷ್ಟೋ ಜನ ನಕಲು ತೆಗೆದು ಕಪಾಟಲ್ಲಿಟ್ಟು ನಿಶ್ಚಿಂತೆಯಾಗಿರ್ತಾರೆ. ಬೇಕಾದ ದಿನ ಅದು ಏಳೋದೇ ಇಲ್ಲ. ದೊಡ್ಡೋರು ಬುದ್ಧಿವಂತರು. ಪ್ರತಿ ಸೋಮವಾರ ಅರ್ಧ ದಿನ ಕನ್ನಡಿಯಿಂದಲೇ ಆನ್ ಮಾಡಿ, ಎಲ್ಲಾ ಸರಿ ಇದೆ ಅಂತ ಖಾತ್ರಿ ಮಾಡ್ಕೋತಿದ್ರು."

"ಅಣ್ಣನ ಹುಚ್ಚು," ಎಂದ ಚಿಕ್ಕ ಎಂಜಿನಿಯರ್. "ಕನ್ನಡಿ ತೆಗೀತಾನೆ ಅನ್ನೋದು ಗೊತ್ತಿತ್ತು. ಸೋಮವಾರದ್ದು ನನಗೂ ಗೊತ್ತಿಲ್ಲ."

ಆ ಮಾತು ಸಲೀಸಾಗಿ ಬಂತು. ರಾಯರ ಕಿವಿಗೆ ಅದರಲ್ಲೇನೂ ತೊಡಕು ಕೇಳಿಸಲಿಲ್ಲ.

"ಶುರು ಮಾಡಮ್ಮ," ಎಂದು ಅವರು ಕಣ್ಣು ಮುಚ್ಚಿ, ತಾಯಿ ಬೆಳಗಿನ ಹೊತ್ತು ರಾಗವಾಗಿ ಓದುತ್ತಿದ್ದ ಪದ್ಯದ ಒಂದು ಸಾಲನ್ನು ಮನಸ್ಸಿನಲ್ಲೇ ಹೇಳಿಕೊಂಡರು. ಯಾವ ಕೆಲಸಕ್ಕೂ ಮೊದಲು ಅದು ಅವರ ರೂಢಿ.

ತಿರುಪಮ್ಮ ಒಂದು ಕೀಯನ್ನು ಒತ್ತಿ ಹಿಡಿದೇ ಕಂಪ್ಯೂಟರಿನ ಗುಂಡಿ ಅದುಮಿದಳು. ಕಪ್ಪು ತೆರೆಯ ಮೇಲೆ ಎರಡು ಚಿತ್ರಗಳು ಮೂಡಿದವು. ಒಂದು ಒಳಗಿನ ಡಿಸ್ಕು, ಇನ್ನೊಂದು ಹೊರಗಿನದು. ಎರಡರ ಕೆಳಗೂ ಒಂದೇ ಹೆಸರು.

"ಯಾವುದರಿಂದ ಏಳಲಿ ಅಂತ ಕೇಳ್ತಿದೆ." ಅವಳು ಎರಡನೆಯದನ್ನು ಆರಿಸಿದಳು. ಮೇಜಿನ ಮೇಲಿದ್ದ ಕಪ್ಪು ಡಬ್ಬಿ ದುಂಬಿಯ ಹಾಗೆ ಸಣ್ಣಗೆ ಗುಂಯ್‌ಗುಟ್ಟತೊಡಗಿತು.

ಏಳಲು ಅದು ತನ್ನದೇ ಹೊತ್ತು ತೆಗೆದುಕೊಂಡಿತು. ಪಾಸ್‌ವರ್ಡನ್ನು ದೊಡ್ಡ ಎಂಜಿನಿಯರರ ಹೆಂಡತಿ ಬರೆದು ಕೊಟ್ಟಿದ್ದಳು. ಕೊನೆಗೆ ತೆರೆ ಬೆಳಗಿತು. ಅದೇ ನೀಲಿ ಹಿನ್ನೆಲೆ, ಅದೇ ಸಾಲಿನಲ್ಲಿ ಅದೇ ಫೈಲುಗಳು. ಅರ್ಧ ಗಂಟೆಯ ಕೆಳಗೆ ಒಳಗಿನ ಡಿಸ್ಕಿನಿಂದ ಆನ್ ಮಾಡಿದಾಗ ಕಂಡಿದ್ದೂ ಇದೇ.

"ಈಗ ನಾವಿರೋದು ಕನ್ನಡೀಲಿ ಅಂತ ಹೇಗೆ ಹೇಳ್ತೀಯ?"

"ಕೇಬಲ್ ಕಿತ್ತು ನೋಡ್ಬೇಕು. ಸತ್ರೆ ಕನ್ನಡಿ," ಎಂದು ನಕ್ಕ ತಿರುಪಮ್ಮ ಮೌಸಿನ ಮೇಲೆ ಕೈಯಿಟ್ಟು ಒತ್ತಿದಳು. ಫೈಲು ತೆರೆಯಲಿಲ್ಲ, ಬೇರೇನೋ ಪಟ್ಟಿ ಬಿಚ್ಚಿಕೊಂಡಿತು. ಮತ್ತೆ ಒತ್ತಿದಳು. ಮತ್ತೆ ಅದೇ. ಅವಳ ನಗು ನಿಂತಿತು. "ಅಯ್ಯೋ. ಮೌಸು ಉಲ್ಟಾ ಆಗಿದೆ. ಎಡಗಡೆ ಗುಂಡಿ ಬಲಕ್ಕೆ, ಬಲಗಡೇದು ಎಡಕ್ಕೆ. ಎಡಗೈಯೋರು ಹಾಕ್ಕೊಳ್ಳೋ ಏರ್ಪಾಡು ಇದು. ಒಳಗಿನ ಡಿಸ್ಕಲ್ಲಿ ಹೀಗಿರ್ಲಿಲ್ಲ."

"ಎಡಚರು ಈ ಆಫೀಸಲ್ಲಿ ಒಬ್ಬರೇ!"

ಚಿಕ್ಕ ಎಂಜಿನಿಯರ್ ಇಷ್ಟು ಚುರುಕಾಗಿ ಮಾತಾಡಿದ್ದು ಬೆಳಗಿನಿಂದ ಇದೇ ಮೊದಲು. ಹಾಡುವವನು ತಾಳಕ್ಕೆ ಕಾಯದೆ ಅರ್ಧ ಮಾತ್ರೆ ಮುಂಚೆ ಹಾಡೆತ್ತಿದ ಹಾಗೆ. ರಾಯರು ಅವನತ್ತ ತಿರುಗದೆಯೇ, "ಯಾರು?" ಎಂದರು.

"ಹೊರಗೆ ಕೂತಿದಾಳಲ್ಲ, ಅವಳೇ. ನಾನು ಹೇಳ್ಲಿಲ್ವಾ?"

"ಗುಂಡಿ ಬದಲಾಯಿಸೋಕೆ ಎಡಚರೇ ಆಗ್ಬೇಕಿಲ್ಲ ಸ್ವಾಮಿ. ಎಡಚರ ತಲೆಗೆ ಕಟ್ಟಬೇಕು ಅನ್ನೋರೂ ಬದಲಾಯಿಸಬಹುದು. ನಕ್ಷೆ ತೆಗಿಯಮ್ಮ."

ಬಾಲ್ಕನಿಯ ನಕ್ಷೆ ತೆರೆಯ ತುಂಬ ಹರಡಿತು. ತಿರುಪಮ್ಮ ಮೂಲೆಯ ಚೌಕವನ್ನು ದೊಡ್ಡದು ಮಾಡಿದಳು. ಬರೆದವರು: ನಕ್ಷೆಗಾರ್ತಿ. ಬುಧವಾರ ಅಧಿಕಾರಿ ಕಂಡಂತೆಯೇ.

ಬಾಗಿಲ ಬಳಿಯಿಂದ ಉದ್ದನೆಯ ಉಸಿರೊಂದು ಕೇಳಿಸಿತು. "ಮುಗೀತಲ್ಲ. ಮುಚ್ಚಿ."

"ತಾಳಿ. ಇದರ ಹಿಂದಿನ ರೂಪಗಳು ಇರುತ್ವೆ," ಎಂದಳು ತಿರುಪಮ್ಮ. "ಪ್ರತಿ ಸಲ ಉಳಿಸಿದಾಗ್ಲೂ ಹಳೇದನ್ನ ಒಂದು ಕಡೆ ಎತ್ತಿಡುತ್ತೆ. ಒಳಗಿನ ಡಿಸ್ಕಲ್ಲಿ ಅದನ್ನೆಲ್ಲ ಯಾರೋ ಒರೆಸಿ ಹಾಕಿದಾರೆ. ಇದರಲ್ಲಿ... ಇದೆ. ಎರಡಿದೆ ಮಾವ."

ರಾಯರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು.

"ಮೊದಲನೇದು ಅದೇ ಗುರುವಾರ ಸಂಜೆ ನಾಲ್ಕು ಹತ್ತು. ಹನ್ನೆರಡರ ಕಂಬಿ. ಬರೆದವರು..." ಅವಳ ದನಿ ತಗ್ಗಿತು. "ದೊಡ್ಡ ಎಂಜಿನಿಯರ್."

ಬೀಗದಕೈಗಳ ಸದ್ದು ನಿಂತಿತು.

"ಎರಡನೇದು ಸೋಮವಾರ ಬೆಳಿಗ್ಗೆ ಹತ್ತು ಐವತ್ತು. ಗೆರೆ ಮುಟ್ಟಿಲ್ಲ, ಕಂಬಿ ಮುಟ್ಟಿಲ್ಲ. ದೊಡ್ಡೋರ ಹೆಸರು ತೆಗೆದು ಈಕೆ ಹೆಸರು ಹಾಕಿದಾರೆ. ಅಷ್ಟೇ ಬದಲಾಗಿರೋದು."

ರಾಯರು ಒಂದೊಂದು ಮಾತನ್ನೂ ಎಣಿಸುವವರ ಹಾಗೆ ನಿಧಾನವಾಗಿ ಹೇಳಿದರು. "ಅಂದ್ರೆ ಒಂದೇ ಗುರುವಾರ, ಒಂದೇ ನಾಲ್ಕು ಹತ್ತು. ಒಳಗಿನ ಡಿಸ್ಕಲ್ಲಿ ಆ ನಿಮಿಷಕ್ಕೆ ಆಕೆ ಹೆಸರು, ಕನ್ನಡೀಲಿ ದೊಡ್ಡೋರ ಹೆಸರು. ಕನ್ನಡಿ ತೆಗೆದಿದ್ದು ಬಾಲ್ಕನಿ ಬೀಳೋ ಹಿಂದಿನ ದಿನ, ಶುಕ್ರವಾರ. ಗುರುವಾರವೇ ಆಕೆ ಹೆಸರು ಇದ್ದಿದ್ರೆ, ಶುಕ್ರವಾರದ ಕನ್ನಡೀಲೂ ಅದೇ ಬರಬೇಕಿತ್ತು."

"ಹೌದು. ಅಧಿಕಾರಿ ನೋಡಿದ ಆ ಗುರುವಾರ ಸುಳ್ಳು ಗುರುವಾರ. ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಿ ಉಳಿಸಿದಾರೆ."

"ಸೋಮವಾರ ಮಾಡಿದ್ದು ಒಳಗಿನ ಡಿಸ್ಕಿಗೆ ಹೋಗಿರೋಲ್ವಾ?"

"ಹೇಗೆ ಹೋಗುತ್ತೆ? ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಕನ್ನಡಿಯಿಂದ ಓಡ್ತಿತ್ತು. ಆಗ ಬರೆದಿದ್ದೆಲ್ಲ ಕನ್ನಡೀಲೇ ಉಳೀತು. ಮಧ್ಯಾಹ್ನ ದೊಡ್ಡೋರು ಡಬ್ಬಿ ಬಿಚ್ಚಿ ಚೀಲಕ್ಕೆ ಹಾಕ್ಕೊಂಡ್ರು. ಬದಲಾಯಿಸಿದೋರಿಗೆ ಅದು ಗೊತ್ತಿರ್ಲಿಲ್ಲ ಪಾಪ. ಎರಡೂ ನೋಡೋಕೆ ಒಂದೇ ಥರ ಇದೆಯಲ್ಲ."

ರಾಯರು ತಲೆದೂಗಿದರು. ನ್ಯಾಯಾಲಯದಲ್ಲಿ ಇಂಥದ್ದನ್ನು ಎಷ್ಟೋ ಕೇಳಿದ್ದರು. ಸುಳ್ಳನ್ನು ಒಮ್ಮೆ ಹೇಳಿ, ಅದು ದಾಖಲಾಗಲಿಲ್ಲವೆಂದು ತಿಳಿದು, ಎರಡನೆಯ ಸಲ ಇನ್ನಷ್ಟು ನಯಮಾಡಿ ಹೇಳುವ ಸಾಕ್ಷಿಗಳು. ಸೋಮವಾರದ್ದು ಹಸಿ ಸುಳ್ಳು. ಆಮೇಲಿನದು ಬೆಂದ ಸುಳ್ಳು.

ಅವರು ಈಗ ಬಾಗಿಲ ಕಡೆ ತಿರುಗಿದರು.

"ನಿಮ್ಮಣ್ಣನೇ ತಪ್ಪು ಮಾಡಿದಾರೆ ಅಂತ ಗೊತ್ತಾಯ್ತು. ನಿಮಗೆ ಆಶ್ಚರ್ಯ ಆಗ್ಲಿಲ್ಲ."

"ಆಶ್ಚರ್ಯ ಆದ್ರೆ ಕುಣೀಬೇಕಾ?"

"ಒಂದು ‘ಹಾಂ’ ಆದ್ರೂ ಅನ್ಬೇಕು. ಒಡಹುಟ್ಟಿದೋರು."

"ಎರಡು ವರ್ಷದಿಂದ ಅವನ ಕಣ್ಣು ಸರಿ ಇಲ್ಲ. ಎಲ್ಲರಿಗೂ ಗೊತ್ತು. ರಿಟೈರ್ ಆಗು ಅಂದ್ರೆ ನನ್ನನ್ನೇ ಬೈಯೋನು."

"ಬಾಗಿಲ ಮೇಲಿನ ಹಲಗೇಲಿ ಇಬ್ಬರ ಹೆಸರೂ ಇದೆ. ದೊಡ್ಡೋರ ತಪ್ಪು ಅಂತಾದ್ರೆ ಹಲಗೆ ಇಳಿಸ್ಬೇಕು. ಸಂಬಳದಾಕೆ ತಪ್ಪು ಅಂತಾದ್ರೆ ಆಕೇನ ಮಾತ್ರ ಇಳಿಸಿದ್ರೆ ಸಾಕು. ಅಲ್ವಾ?"

ಚಿಕ್ಕ ಎಂಜಿನಿಯರ್ ಎದ್ದು ನಿಂತ. ಮುಖ ಕೆಂಪಾಗಿತ್ತು, ಆದರೆ ಮಾತು ಕೆಡಲಿಲ್ಲ. "ಸೋಮವಾರ ಹತ್ತರಿಂದ ಒಂದರವರೆಗೆ ನಾನು ಅಧಿಕಾರಿ ಆಫೀಸಲ್ಲಿ ಹೇಳಿಕೆ ಕೊಡ್ತಾ ಕೂತಿದ್ದೆ. ಫೋನ್ ಮಾಡಿ ಕೇಳಿ. ಈಗ್ಲೇ ಕೇಳಿ!"

ರಾಯರು ಕೇಳಿದರು. ಆ ಕಡೆಯಿಂದ ಅಧಿಕಾರಿಯ ಗಡಸು ದನಿ ಕೋಣೆಗೆಲ್ಲ ಕೇಳಿಸುವಂತಿತ್ತು. "ಹೌದ್ರೀ, ನನ್ನ ಎದುರಿಗೇ ಕೂತಿದ್ರು. ಒಂದೇ ಹೇಳಿಕೇನ ಮೂರು ಸಲ ಓದಿ ಸಹಿ ಹಾಕಿದ್ರು. ನಿಮ್ಮ ಸಾಕ್ಷ್ಯ ಏನಾಯ್ತು? ಮೂರು ಗಂಟೆ, ನೆನಪಿರ್ಲಿ."

ಫೋನು ಕೆಳಗಿಟ್ಟಾಗ ಚಿಕ್ಕ ಎಂಜಿನಿಯರನ ತುಟಿಯಲ್ಲಿ ನಗುವಿನಂಥದ್ದೊಂದು ಇತ್ತು. "ಎಡಚರು ಒಬ್ಬರೇ ಅಂದ್ನಲ್ಲ."

ಪಾಸ್‌ವರ್ಡ್ ಆಕೆಗೆ ಗೊತ್ತಿತ್ತೇ? ಗೊತ್ತಿತ್ತು ಎಂದ ಚಿಕ್ಕ ಎಂಜಿನಿಯರ್. ದೊಡ್ಡವರೇ ಕೊಟ್ಟಿದ್ದರಂತೆ. ಸೋಮವಾರ ಆ ಹೊತ್ತಿಗೆ ದೊಡ್ಡವರು ಬಾಲ್ಕನಿ ಕುಸಿದ ಜಾಗಕ್ಕೆ ಹೋಗಿದ್ದರು, ಈ ಕೋಣೆ ಖಾಲಿಯಿತ್ತು. ಎಲ್ಲ ಬೆರಳೂ ಒಂದೇ ಕಡೆ ತಿರುಗಿದವು. ಯಾರನ್ನು ಉಳಿಸಲು ಈ ಡಬ್ಬಿಯನ್ನು ಹೊತ್ತು ತಂದರೋ ಅವಳ ಕಡೆಗೇ.

ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಳ್ಳುವವರುಂಟೆ? ಅದೂ ಎರಡೆರಡು ಸಲ?

"ತಿರುಪಮ್ಮ, ಇಲ್ಲೇ ಇರು. ಡಬ್ಬಿ ಮೇಲೆ ಕಣ್ಣಿರ್ಲಿ," ಎಂದು ಹೇಳಿ ರಾಯರು ಹಜಾರಕ್ಕೆ ನಡೆದರು. ಬಾಗಿಲನ್ನು ತಾವೇ ಎಳೆದುಕೊಂಡರು.

ಹಜಾರದಲ್ಲಿ ಹತ್ತು ಮೇಜು, ಒಂಬತ್ತು ಖಾಲಿ. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ನಕ್ಷೆಗಾರ್ತಿ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತಿದ್ದಳು. ನಲವತ್ತರ ಆಸುಪಾಸು, ಬಿಗಿಯಾಗಿ ಕಟ್ಟಿದ ಕೂದಲು, ನಿದ್ದೆಗೆಟ್ಟ ಕಣ್ಣು. ರಾಯರು ಬಂದು ಕುಳಿತರೂ ಗೆರೆ ನಿಲ್ಲಲಿಲ್ಲ.

"ಕನ್ನಡಿ ಎದ್ದಿತು ತಾಯಿ," ಎಂದರು ರಾಯರು.

ಗೆರೆ ನಿಂತಿತು.

"ಗುರುವಾರ ಆ ನಕ್ಷೆ ಬರೆದಿದ್ದು ದೊಡ್ಡ ಸರ್. ಸೋಮವಾರ ಹತ್ತು ಐವತ್ತಕ್ಕೆ ನೀವು ಅವರ ಹೆಸರು ಅಳಿಸಿ ನಿಮ್ಮ ಹೆಸರು ಹಾಕಿದ್ರಿ. ಮೌಸು ಮೊದಲಿದ್ದ ಹಾಗೆ ಮಾಡೋದು ಮರೆತ್ರಿ."

ಆಕೆ ಪೆನ್ಸಿಲಿನ ತುದಿಯನ್ನು ಗೆರೆಯ ಮೇಲೆಯೇ ಊರಿಕೊಂಡಳು.

"ಒಂದು ವರ್ಷದಿಂದ ಅವರ ನಕ್ಷೆ ಎಲ್ಲಾ ನಾನೇ ಒಮ್ಮೆ ನೋಡ್ತಿದ್ದೆ," ಎಂದಳು ಕೊನೆಗೆ, ಹಾಳೆಗೆ ಹೇಳುವವಳ ಹಾಗೆ. "ಆರು ಅನ್ನೋದು ಅವರಿಗೆ ಎಂಟು ಕಾಣೋದು. ಯಾರಿಗೂ ಹೇಳ್ದೆ ತಿದ್ದಿ ಇಡ್ತಿದ್ದೆ. ಆ ಗುರುವಾರ ಕೂಗಿ ಕೇಳಿದ್ರು, ‘ನೋಡಿದೆಯಾಮ್ಮ?’ ಅಂತ. ನನಗೆ ಬೇರೆ ಕೆಲಸ ತಲೆ ಮೇಲಿತ್ತು. ‘ನೋಡ್ದೆ ಸರ್’ ಅಂದೆ. ನೋಡಿರ್ಲಿಲ್ಲ. ಹಾಗಿದ್ಮೇಲೆ ಆ ಹೆಸರು ಯಾರದ್ದಿರ್ಬೇಕು, ನೀವೇ ಹೇಳಿ."

ಆ ಮಾತಿನಲ್ಲಿ ಎಲ್ಲೂ ಎಡವಿರಲಿಲ್ಲ. ಹುಟ್ಟಿದಂತೆಯೇ ಬಂದ ಮಾತು.

"ಅದು ಸರಿ. ಆದ್ರೆ ಮತ್ತೆ ಎರಡನೇ ಸಲ ಗಡಿಯಾರ ತಿರುಗಿಸಿದ್ದು ಯಾಕೆ? ಗುರುವಾರ ನಾಲ್ಕು ಹತ್ತು ಅಂತ ಕೂರಿಸಿದ್ದು?"

ಆಕೆ ತಲೆಯೆತ್ತಿದಳು. "ಎರಡನೇ ಸಲಾನಾ? ಯಾವ ಗಡಿಯಾರ?"

"ಮಂಗಳವಾರವೋ, ಬುಧವಾರ ಬೆಳಿಗ್ಗೆಯೋ."

"ಸೋಮವಾರ ಒಂದು ಸಲ ಆ ಕುರ್ಚೀಲಿ ಕೂತೋಳು, ಆಮೇಲೆ ಆ ಬಾಗಿಲು ದಾಟಿಲ್ಲ. ಚಿಕ್ಕ ಸರ್ ಅವತ್ತು ಸಂಜೇನೇ ಬೀಗ ಹಾಕಿದ್ರು."

ರಾಯರ ಬೆನ್ನು ನೆಟ್ಟಗಾಯಿತು. ಒಂದೇ ಬಾಯಿಯ ಎರಡು ಸುಳ್ಳು ಎಂದುಕೊಂಡಿದ್ದರು. ಬಾಯಿ ಎರಡು.

ಸೋಮವಾರದ ಕನ್ನಡಿಯ ಕಥೆಯನ್ನು ಅವರು ಚಿಕ್ಕದಾಗಿ ಹೇಳಿದರು. ಕೇಳುತ್ತ ಕೇಳುತ್ತ ಆಕೆಯ ಮುಖದ ಬಣ್ಣ ಇಳಿಯಿತು.

"ಹಾಗಾದ್ರೆ ಅಧಿಕಾರಿ ನೋಡಿದ್ದು ನಾನು ಹಾಕಿದ ಹೆಸರಲ್ವಾ?"

"ಅಲ್ಲ. ನಿಮ್ಮದು ಡಬ್ಬೀಲೇ ಉಳೀತು. ಅವರು ನೋಡಿದ್ದು ಬೇರೆ ಯಾರೋ ಹಾಕಿದ್ದು. ನೀವಾಗೇ ಕೊಡೋಕೆ ಹೊರಟಿದ್ದನ್ನ, ನಿಮ್ಮನ್ನ ಕೇಳ್ದೇನೇ ಒಬ್ಬರು ಕಿತ್ಕೊಂಡಿದಾರೆ. ಬೀಗ ಯಾರ ಕೈಲಿತ್ತು ಅಂತ ನೀವೇ ಹೇಳಿದ್ರಿ."

ಮುಚ್ಚಿದ ಬಾಗಿಲಿನಾಚೆ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಆಕೆ ಅತ್ತ ಒಮ್ಮೆ ನೋಡಿ ಕಣ್ಣು ತಗ್ಗಿಸಿದಳು. ಪೆನ್ಸಿಲ್ ಮೇಜಿನ ಮೇಲೆ ಉರುಳಿ ನಿಂತಿತು.

"ಕೇಳಿ," ರಾಯರು ಮುಂದಕ್ಕೆ ಬಾಗಿದರು. "ಆ ಡಿಸ್ಕು ನಾಲ್ಕು ದಿನ ಚೀಲದಲ್ಲಿ ಬಿದ್ದಿತ್ತು. ಯಾರಾದ್ರೂ ಏನಾದ್ರೂ ಮಾಡಿರಬಹುದು ಅಂತ ಅಧಿಕಾರಿ ಅಂದ್ರೆ ನನ್ನ ಹತ್ರ ಉತ್ತರ ಇಲ್ಲ. ನಿಮ್ಮ ಹತ್ರ ಇದೆ. ಗುರುವಾರ ಬರೆದಿದ್ದು ದೊಡ್ಡ ಸರ್, ಸೋಮವಾರ ಹೆಸರು ಬದಲಾಯಿಸಿದ್ದು ನಾನು. ಈ ಎರಡು ಮಾತು ನಿಮ್ಮ ಬಾಯಿಂದ ಬಂದ್ರೆ ಕನ್ನಡಿ ಸಾಕ್ಷಿಯಾಗಿ ನಿಲ್ಲುತ್ತೆ. ಮೂರನೇ ಮಾತನ್ನ ಬಾಗಿಲ ಆಚೆ ಇರೋರ ಬಾಯಿಂದ ನಾನು ಹೊರಡಿಸ್ತೀನಿ."

"ಹೇಳದಿದ್ರೆ?"

"ಮೂರು ಗಂಟೆಗೆ ಜೀಪು ಬರುತ್ತೆ. ವರ್ಷಗಟ್ಟಲೆ ಜೈಲು. ನಿಮ್ಮ ಹೆಸರಿಗೆ ಮಸಿ ಬಳಿದೋರು ಈ ಹಜಾರದಲ್ಲಿ ಇನ್ನೊಬ್ಬರನ್ನ ಕೂರಿಸ್ತಾರೆ."

ಆಕೆ ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಕೆಳಗೆ ದೊಡ್ಡ ಎಂಜಿನಿಯರರು ಕುಸಿದು ಬಿದ್ದ ಮೆಟ್ಟಿಲುಗಳು ಖಾಲಿ ಬಿದ್ದಿದ್ದವು.

"ಹದಿನೆಂಟು ವರ್ಷದ ಕೆಳಗೆ, ಎಡಚಿ ಕೈಲಿ ನಕ್ಷೆ ಆಗಲ್ಲ ಅಂತ ಐದು ಆಫೀಸಿನೋರು ನನ್ನನ್ನ ಬಾಗಿಲಿಂದಲೇ ಕಳಿಸಿದ್ರು. ದೊಡ್ಡ ಸರ್ ನನ್ನ ಎಡಗೈ ನೆರಳು ಬೀಳದ ಹಾಗೆ ದೀಪ ಬಲಗಡೆಗೆ ಸರಿಸಿ ಕೂರಿಸ್ಕೊಂಡ್ರು. ಇವತ್ತೋ ನಾಳೇನೋ ಅವರು ಎಚ್ಚರ ಆಗ್ತಾರೆ. ಒಬ್ಬನನ್ನ ಕೊಂದೋನು ಅನ್ನಿಸ್ಕೊಳ್ಳೋಕೆ ಅವರು ಎಚ್ಚರ ಆಗ್ಬಾರ್ದು ರಾಯರೇ."

"ಸತ್ತೋನಿಗೂ ಮನೆ ಮಂದಿ ಇದಾರೆ ತಾಯಿ. ನಿಜ ಅವರಿಗೂ ಬೇಕು."

ಆ ಮಾತು ತಾಗಿತು. ಆಕೆ ಕಿಟಕಿಯ ಸರಳಿಗೆ ಹಣೆ ಒರಗಿಸಿದಳು. ಇದೇ ಗಳಿಗೆ ಎಂದು ಅವರ ಕಿವಿ ಹೇಳಿತು. ಅವರು ಎದ್ದು, ಮಗಳನ್ನು ಕರೆಯುವಂತೆ ಮೆಲ್ಲಗೆ ಕೈ ಮುಂದೆ ಮಾಡಿದರು.

"ಬನ್ನಿ. ಅಧಿಕಾರಿ ಬರೋವರೆಗೂ ಕಾಯೋದು ಬೇಡ. ನಾವೇ ಹೋಗಿ ಹೇಳೋಣ."

ನಕ್ಷೆಗಾರ್ತಿ ಕಣ್ಣೊರೆಸಿಕೊಂಡು ತಿರುಗಿದಳು. ಮುಖದಲ್ಲಿ ಅಳು ಇರಲಿಲ್ಲ.

"ಬರಲ್ಲ," ಎಂದಳು. "ನೋಡ್ದೆ ಅಂದೋಳು ನಾನು, ಆ ಹೆಸರು ನಂದೇ ಇರ್ಲಿ."